ಎರಡನೆಯ ಸಾಕ್ಷಿ

ನಾನು ಸ್ಟೀರಿಂಗ್ ಕಂಬದ ಬುಡದಲ್ಲಿ ಕೂತ ಒಂದು ಸೆನ್ಸರ್. ನಿಜ ಹೇಳಬೇಕೆಂದರೆ ಅರ್ಧ ಸೆನ್ಸರ್. ಅಂಗೈಯಷ್ಟೂ ಅಗಲವಿಲ್ಲದ ಕಪ್ಪು ಗೂಡಿನಲ್ಲಿ ನಾವು ಅವಳಿಗಳು, ನಾನು ಮತ್ತು ನನ್ನ ಅಣ್ಣ. ನೀವು ಸ್ಟೀರಿಂಗ್ ಹಿಡಿದು ತಿರುಗಿಸುತ್ತೀರಲ್ಲ, ಆಗ ನಿಮ್ಮ ಕೈ ಎತ್ತ ಕಡೆ, ಎಷ್ಟು ಬಲದಿಂದ ಎಳೆಯುತ್ತಿದೆ ಎಂದು ಅಳೆದು ಕಂಟ್ರೋಲ್ ಪೆಟ್ಟಿಗೆಗೆ ತಿಳಿಸುವುದು ನಮ್ಮ ಕೆಲಸ. ಪೆಟ್ಟಿಗೆ ಅದನ್ನು ಕೇಳಿ ಮೋಟಾರಿಗೆ ಅಪ್ಪಣೆ ಕೊಡುತ್ತದೆ, ಮೋಟಾರು ನಿಮ್ಮ ಕೈಗೆ ಬಲ ಸೇರಿಸುತ್ತದೆ. ಒಂದೇ ಕೈಯಲ್ಲಿ ಗಾಡಿ ತಿರುಗಿಸುತ್ತ ಇನ್ನೊಂದರಲ್ಲಿ ಮೀಸೆ ತೀಡುವವರೆಲ್ಲ ನಮ್ಮ ಋಣದಲ್ಲಿದ್ದಾರೆ, ಅವರಿಗೆ ಗೊತ್ತಿಲ್ಲ ಅಷ್ಟೇ.

ಒಂದೇ ಮಾತು ಹೇಳಲು ಇಬ್ಬರೇಕೆ ಎಂದು ಕೇಳಬಹುದು. ಅದರ ಉತ್ತರ ನಾನು ಹುಟ್ಟಿದ ದಿನವೇ ಕಿವಿಗೆ ಬಿತ್ತು. ಧೂಳಿಗೆ ಪ್ರವೇಶವಿಲ್ಲದ ಕೋಣೆಯೊಂದರಲ್ಲಿ ಬಿಳಿ ಟೊಪ್ಪಿಯ ಹೆಂಗಸೊಬ್ಬಳು ನಮ್ಮನ್ನು ಯಂತ್ರಕ್ಕೆ ಕೊಟ್ಟು ತಿರುಚಿ ನೋಡಿದಳು. ಪಕ್ಕದಲ್ಲಿ ಕೆಲಸ ಕಲಿಯಲು ಬಂದವಳಿಗೆ ಹೇಳಿದಳು: "ಇವು ಎರಡು ಸಾಕ್ಷಿ ಕಣೆ. ಒಂದು ಸುಳ್ಳು ಹೇಳಿದ್ರೆ ಇನ್ನೊಂದು ಹಿಡ್ಕೊಡುತ್ತೆ. ಮಾತು ಹೊಂದ್ಲಿಲ್ಲ ಅಂದ್ರೆ ಮೋಟಾರ್ ಕೈಬಿಡುತ್ತೆ, ಹಳದಿ ದೀಪ ಹತ್ತುತ್ತೆ. ಸ್ಟೀರಿಂಗ್ ಭಾರ ಆದ್ರೆ ತೋಳು ನೋಯುತ್ತೆ, ಯಾರೂ ಸಾಯಲ್ಲ."

ನನ್ನ ಮೊದಲ ಮನೆ ಬೆಳಗಾವಿಯ ಡಾಕ್ಟರಮ್ಮ ಒಬ್ಬರ ಏಳು ಸೀಟಿನ ಗಾಡಿ. ನಾನಿರುವ ಜಾಗದಿಂದ ಮನುಷ್ಯರ ಮುಖ ಕಾಣುವುದಿಲ್ಲ, ಮೊಣಕಾಲು ಮತ್ತು ಚಪ್ಪಲಿ ಮಾತ್ರ. ಕೈಯ ಸ್ವಭಾವ ಕಂಬದಲ್ಲಿ ಇಳಿದು ಬರುತ್ತದೆ, ಮಾತುಗಳೂ ಹಾಗೆಯೇ. ಡಾಕ್ಟರಮ್ಮನದು ಅನುಮಾನದ ಕೈ. ಒಂದು ಮಧ್ಯಾಹ್ನ ಕನೆಕ್ಟರ್ ಸ್ವಲ್ಪ ಸಡಿಲಾಗಿ ಹಳದಿ ದೀಪ ಹತ್ತಿದ್ದೇ ತಡ, ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಆಟೋ ಹತ್ತಿ ಮನೆಗೆ ಹೋದರು. "ಎಂಥ ಪುಕ್ಕಲು ಹೆಂಗಸು" ಎಂದು ಅಣ್ಣ ನಕ್ಕ. ನಾನೂ ನಕ್ಕೆ. ಅಂಥ ಪುಕ್ಕಲು ಜನ ನನಗೆ ಮತ್ತೆ ಸಿಗಲಿಲ್ಲ.

ಡಾಕ್ಟರಮ್ಮನಿಂದ ಗಾಡಿ ಗದುಗಿನ ಫಕ್ಕೀರಪ್ಪನ ಕೈಗೆ ಬಂತು. ಅವನು ಅದನ್ನು ಕೊಂಡದ್ದು ಅಕ್ಕಾರುಗಳಿಗಾಗಿ. ಆ ಸೀಮೆಯಲ್ಲಿ ಶಾಲೆಯ ಶಿಕ್ಷಕಿಯರನ್ನು ಅಕ್ಕಾರು ಎನ್ನುತ್ತಾರೆ. ಊರಲ್ಲಿ ಮನೆ ಮಾಡಿಕೊಂಡು ಹಳ್ಳಿಯ ಶಾಲೆಗಳಿಗೆ ಹೋಗಿಬರುವ ಆರು ಮಂದಿಯನ್ನು ಬೆಳಿಗ್ಗೆ ಒಬ್ಬೊಬ್ಬರನ್ನಾಗಿ ಇಳಿಸಿ, ಸಂಜೆ ಒಬ್ಬೊಬ್ಬರನ್ನಾಗಿ ಹೆಕ್ಕಿಕೊಂಡು ಬರುವುದು ಅವನ ಕಾಯಕ. ಅವನ ಕೈ ಎಷ್ಟು ಒಳ್ಳೆಯದೆಂದರೆ, ತಗ್ಗು ಬಂದರೂ ಅಕ್ಕಾರುಗಳ ಮಡಿಲಲ್ಲಿದ್ದ ಡಬ್ಬಿಯ ಸಾರು ತುಳುಕುತ್ತಿರಲಿಲ್ಲ. ನಾನು ಆ ಕೈಯನ್ನು ಪ್ರೀತಿಸುತ್ತಿದ್ದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕೇಡು ಬಂದದ್ದು ಅವನ ಭಕ್ತಿಯಿಂದಲೇ. ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಎಲ್ಲರೂ ಗಾಲಿಯ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. ಫಕ್ಕೀರಪ್ಪನದು ಒಂದು ಹೆಜ್ಜೆ ಮುಂದೆ. ಕಾಯಿ ಒಡೆದು, ನೀರನ್ನು ಒಂದು ತೊಟ್ಟೂ ನೆಲಕ್ಕೆ ಬೀಳದಂತೆ ಚಿಪ್ಪಿನಲ್ಲಿ ಹಿಡಿದು ಒಳಗೆ ತಂದು ಸ್ಟೀರಿಂಗಿನ ನೆತ್ತಿಯ ಮೇಲೆ ಸುರಿಯುತ್ತಿದ್ದ. "ನಮ್ಮ ಜೀವಾ ಎಲ್ಲಾ ಇದರ ಕೈಯಾಗ ಐತಿ. ಮೊದಲ ತೀರ್ಥ ಇದಕ್ಕ" ಎನ್ನುತ್ತಿದ್ದ. ಹೆಂಡತಿ ಪಾರವ್ವ ಅದರ ಮೇಲೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಸಿಹಿನೀರು, ಕುಂಕುಮ ಎಲ್ಲ ಕಲೆತು ಕಂಬದಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಎರಡು ವರ್ಷ ಗೂಡು ತಡೆಯಿತು. ಮೂರನೆಯ ವರ್ಷ ಅಣ್ಣನ ಕಡೆಯ ಸಂದಿಯಿಂದ ತೀರ್ಥ ಒಳಗೆ ಬಂತು.

ಮೊದಮೊದಲು ಅಣ್ಣ ತೊದಲಿದ. ಕೈ ನೇರವಿದ್ದಾಗ "ಕೊಂಚ ಎಡಕ್ಕೆ" ಎಂದ. ನಾನು "ಇಲ್ಲ, ನೇರ" ಎಂದೆ. ಪೆಟ್ಟಿಗೆ ಇಬ್ಬರ ಮಾತನ್ನೂ ಕೇಳಿ, ಯಾರನ್ನೂ ನಂಬದೆ, ಮೋಟಾರನ್ನು ಸುಮ್ಮನಿರಿಸಿ ಹಳದಿ ದೀಪ ಹಚ್ಚಿತು. ಹೇಗೆ ಆಗಬೇಕೋ ಹಾಗೆಯೇ ಆಯಿತು. ಸ್ಟೀರಿಂಗ್ ಒರಳುಕಲ್ಲಿನಂತೆ ಭಾರವಾಯಿತು, ಫಕ್ಕೀರಪ್ಪ ಬೆವರು ಸುರಿಸುತ್ತ, ತೋಳು ನೀವಿಕೊಳ್ಳುತ್ತ ನಾಲ್ಕು ದಿನ ಗಾಡಿ ಓಡಿಸಿದ. ಆ ನಾಲ್ಕು ದಿನ ಎಲ್ಲರೂ ಕ್ಷೇಮವಾಗಿದ್ದರು.

ಆದರೆ ಮುಂದಿನ ಶುಕ್ರವಾರ ಮಗಳು ಕಸ್ತೂರಿಯ ಕುಬಸ, ಅಂದರೆ ಸೀಮಂತವಿತ್ತು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು, ಏಳನೆಯ ತಿಂಗಳು. ಲಕ್ಷ್ಮೇಶ್ವರದ ಕಡೆಯ ಹಳ್ಳಿಯಲ್ಲಿದ್ದ ಬೀಗರ ಮನೆಗೆ ಬುತ್ತಿ ಹೊತ್ತು ಹೋಗಿ, ಮಗಳಿಗೆ ಹಸಿರು ಕುಬಸ ತೊಡಿಸಿ, ಹೆರಿಗೆಗೆ ತವರಿಗೆ ಕರೆತರಬೇಕು. ಬೇರೆ ಗಾಡಿ ಹೇಳು ಎಂದು ಪಾರವ್ವ ಅಂದಳು. "ಊರ ಮಂದೀನ್ನೆಲ್ಲಾ ಹೊತಗೊಂಡು ತಿರುಗೂ ಗಾಡಿ, ನನ್ನ ಮಗಳ ಹೊತ್ತಿಗೆ ಮಂದಿ ಗಾಡಿ ತರ್ಲೇನು?" ಎಂದು ಅವನು ಗ್ಯಾರೇಜಿಗೆ ಬಂದ.

ಗ್ಯಾರೇಜಿನ ಮೌನೇಶ ಕೆಟ್ಟವನಲ್ಲ, ಚುರುಕಿನ ಆಸಾಮಿ. ಚುರುಕಿನವರ ಕೈಗೆ ಸಿಕ್ಕುವುದಕ್ಕಿಂತ ಪೆದ್ದರ ಕೈಗೆ ಸಿಕ್ಕುವುದು ಎಷ್ಟೋ ಮೇಲು ಎಂದು ನನಗೆ ಆಮೇಲೆ ಅನ್ನಿಸಿದೆ. ಅವನು ಅಂಗಾತ ಮಲಗಿ, ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿ, ನಮ್ಮ ಎರಡು ತಂತಿಗೂ ಮೀಟರ್ ಹಿಡಿದು ನೋಡಿದ.

"ಎರಡೂ ಬ್ಯಾರೆ ಬ್ಯಾರೆ ಹೇಳಾಕತ್ತಾವು ಕಾಕಾ. ಅದಕ್ಕ ಲೈಟ್ ಹತ್ತೈತಿ."

"ಯಾವುದು ಖರೆ ಹೇಳತೈತಿ?"

"ಅದು ನನಗೂ ಗೊತ್ತಾಗೂದಿಲ್ಲ. ಹುಬ್ಬಳ್ಳಿಯಿಂದ ಹೊಸಾದು ತರಸ್ತೀನಿ, ಎಂಟ ದಿನ ಆಗ್ತೈತಿ. ಅಲ್ಲೀತನಾ ಒಂದನ್ನ ಕಟ್ ಮಾಡಿ, ಇನ್ನೊಂದನ್ನ ಎರಡೂ ಕಡೆ ಕೊಡ್ತೀನಿ. ಜಗಳ ಮುಗೀತು."

"ಶುಕ್ರವಾರ ಕುಬಸ ಐತಿ. ನಡೀತೈತಿ?"

"ಬೆರಳಲೆ ತಿರುಗಿಸ್ಕೊಂಡು ಹೋಗು."

ಅವನ ಇಕ್ಕಳ ಒಮ್ಮೆ ಅಣ್ಣನ ತಂತಿಯನ್ನು ಮುಟ್ಟಿತು. ಮತ್ತೆ ನನ್ನದನ್ನು ಮುಟ್ಟಿತು. ನನ್ನದು ಕೈಗೆ ಹತ್ತಿರವಿತ್ತು, ಅದನ್ನೇ ಕತ್ತರಿಸಿದ. ಪೆಟ್ಟಿಗೆಯ ಕಡೆ ಉಳಿದ ನನ್ನ ತಂತಿಯ ತುಂಡನ್ನು ಅಣ್ಣನ ತಂತಿಗೆ ಹೆಣೆದು ಕಪ್ಪು ಟೇಪು ಸುತ್ತಿದ. ಹಳದಿ ದೀಪ ಆರಿತು. ಮೇಲೆ ಫಕ್ಕೀರಪ್ಪ ನೆಮ್ಮದಿಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ನಾನು ಅಂದಿನಿಂದ ಅಳೆಯುವುದನ್ನು ನಿಲ್ಲಿಸಿಲ್ಲ. ಹೇಳಲು ಬಾಯಿಲ್ಲ, ಅಷ್ಟೇ.

ಮರುದಿನ ಗಾಡಿ ಹತ್ತಿದ ಹೆಬ್ಬಳ್ಳಿ ಅಕ್ಕಾರು ಡ್ಯಾಶ್‌ಬೋರ್ಡ್ ನೋಡಿ ಕೇಳಿದರು. ವಿಜ್ಞಾನ ಕಲಿಸುವ ಹೆಂಗಸು, ಮುಂದಿನ ಸೀಟು ಅವರದೇ.

"ಹಳದಿ ಲೈಟ್ ಎಲ್ಲಿ ಹೋತೋ ಫಕ್ಕೀರಪ್ಪಾ?"

"ಆರಾಮ ಆತ್ರಿ ಅಕ್ಕಾರ."

"ಜ್ವರಾ ಇಳಿದೈತೋ, ಥರ್ಮಾಮೀಟರ್ ಒಡದೈತೋ?"

ಎಲ್ಲರೂ ನಕ್ಕರು. ಫಕ್ಕೀರಪ್ಪನೂ ನಕ್ಕ. ನಗದೇ ಇದ್ದವನು ನಾನೊಬ್ಬನೇ. ಆ ವಾರವೆಲ್ಲ ಅಣ್ಣನ ಹುಚ್ಚು ಬೂದಿ ಮುಚ್ಚಿದ ಕೆಂಡದಂತೆ ಇತ್ತು. ಒಮ್ಮೆ ಗಾಡಿ ತಾನಾಗಿ ಎಡಕ್ಕೆ ಜಗ್ಗಿ ಮತ್ತೆ ಸರಿಹೋಯಿತು. ಫಕ್ಕೀರಪ್ಪ ಗಾಲಿಗೆ ಗಾಳಿ ಕಡಿಮೆಯಾಗಿದೆ ಎಂದುಕೊಂಡು ಗಾಳಿ ಹಾಕಿಸಿದ. ಮೌನೇಶ ಹೇಳಿದ ಗಡುವಿಗಿಂತ ಮೊದಲೇ, ಗುರುವಾರವೇ ಹೊಸ ಸೆನ್ಸರ್ ಬಂತು. ಮೌನೇಶ ಫೋನು ಮಾಡಿದ. "ಲೈಟ್ ಏನ ಹತ್ತಿಲ್ಲಲ್ಲೋ ತಮ್ಮಾ. ಕುಬಸ ಮುಗೀಲಿ, ಸೋಮವಾರ ಬರ್ತೀನಿ" ಎಂದ ಫಕ್ಕೀರಪ್ಪ. ಮೌನೇಶನೂ ಒತ್ತಾಯ ಮಾಡಲಿಲ್ಲ. ಹೊಸ ಸೆನ್ಸರ್ ಅವನ ಅಂಗಡಿಯ ಹಲಗೆಯ ಮೇಲೆ ಡಬ್ಬಿಯಲ್ಲೇ ಉಳಿಯಿತು.

ಶುಕ್ರವಾರ ಹೋಗುವಾಗ ಏನೂ ಆಗಲಿಲ್ಲ. ಬುತ್ತಿಯ ಬುಟ್ಟಿಗಳಿಂದ ಎಳ್ಳು ಹಚ್ಚಿದ ರೊಟ್ಟಿಯ, ಗುರೆಳ್ಳು ಚಟ್ನಿಯ ಘಮ ನನ್ನವರೆಗೂ ಇಳಿಯಿತು. ಬರುವಾಗ ಹಿಂದೆ ಕೂತರೆ ವಾಂತಿಯಾಗುತ್ತದೆಂದು ಕಸ್ತೂರಿ ಮುಂದೆ ಕೂತಳು. ಹೊಸ ಬಳೆಗಳ ಸದ್ದು ಕೇಳುತ್ತಿತ್ತು. "ಅಪ್ಪಾ, ಸಾವಕಾಶ" ಎಂದಳು. "ನನ್ನ ಕೈ ಮ್ಯಾಲ ನಂಬಿಕಿಲ್ಲೇನವಾ?" ಎಂದು ಅವನು ಕೇಳಿದ. "ನಿನ್ನ ಕೈ ಬಿಟ್ಟರ ಮತ್ತ್ಯಾರ ಕೈ ನಂಬಲಿ" ಎಂದಳು ಅವಳು.

ಕೆರೆಯ ಏರಿ ಬಂತು. ಎಡಕ್ಕೆ ತುಂಬಿದ ನೀರು, ಬಲಕ್ಕೆ ಇಳಿಜಾರಿನ ಗದ್ದೆ. ಏರಿಯ ನಡುವೆ ಫಕ್ಕೀರಪ್ಪ ಸ್ಟೀರಿಂಗನ್ನು ನೇರವಾಗಿ ಹಿಡಿದಿದ್ದ, ಎತ್ತಲೂ ಎಳೆಯುತ್ತಿರಲಿಲ್ಲ. ಇದು ನನಗೆ ಗೊತ್ತು, ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಅಣ್ಣ "ಎಡಕ್ಕೆ" ಎಂದ. ಈ ಸಲ ತೊದಲಲಿಲ್ಲ, ಪೂರಾ ಎಡಕ್ಕೆ ಎಂದ. ಆ ಮಾತು ಎರಡು ತಂತಿಯಲ್ಲೂ ಹೋಯಿತು. ಎರಡು ಸಾಕ್ಷಿಯೂ ಒಂದೇ ಮಾತು ಹೇಳಿದ ಮೇಲೆ ಪೆಟ್ಟಿಗೆಗೆ ಅನುಮಾನವೇಕೆ ಬರಬೇಕು? ಅದು ಮೋಟಾರಿಗೆ ಅಪ್ಪಣೆ ಕೊಟ್ಟಿತು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಫಕ್ಕೀರಪ್ಪ ಅಕ್ಕಾರುಗಳ ಜಗಳ ಕೇಳಿದಾಗಲೆಲ್ಲ ಹೇಳುತ್ತಿದ್ದ. ಅವತ್ತು ಅವನೇ ಏರಿಗೆಳೆದ, ಮೋಟಾರು ನೀರಿಗೆಳೆಯಿತು. ಅವನು ಎದ್ದು ನಿಂತಂತೆ ಬಲಕ್ಕೆ ಜಗ್ಗಿದ್ದು ಕಂಬದೊಳಗೆ ನನ್ನನ್ನು ಹಿಂಡಿತು. ಒಬ್ಬ ತಂದೆಯ ಕೈಯಲ್ಲಿ ಅಷ್ಟು ಬಲವಿರುತ್ತದೆಂದು ನಾನು ಅಳೆದದ್ದು ಅದೊಂದೇ ಸಲ. ಆ ಅಳತೆಯನ್ನು ಕೂಗಿ ಹೇಳಿದೆ. ಕತ್ತರಿಸಿದ ತಂತಿಯ ತುದಿಯವರೆಗೆ ಹೋಗಿ ಅದು ಅಲ್ಲೇ ನಿಂತಿತು. ಗಾಡಿ ನೀರಿಗೆ ಬೀಳಲಿಲ್ಲ, ಏರಿಯ ಅಂಚಿನ ಕಲ್ಲುಕಂಬಕ್ಕೆ ಗುದ್ದಿ ನಿಂತಿತು. ಬಳೆಗಳು ಒಡೆದು ಚೂರುಗಳು ನನ್ನ ಪಕ್ಕದಲ್ಲೇ ಉದುರಿದವು.

ಕಸ್ತೂರಿ ಬದುಕಿದಳು. ಮಗು ಉಳಿಯಲಿಲ್ಲ.

ಗಾಡಿಯನ್ನು ಎಳೆದು ತಂದು ಮೌನೇಶನ ಗ್ಯಾರೇಜಿನ ಮೂಲೆಗೆ ನಿಲ್ಲಿಸಿದರು. ಬಂದುಹೋದವರ ಮಾತಿನಿಂದ ಉಳಿದದ್ದು ತಿಳಿಯಿತು. ಮಗಳನ್ನು ಮಾತಾಡಿಸುತ್ತ ಫಕ್ಕೀರಪ್ಪ ರಸ್ತೆ ಮರೆತ ಎಂದರು ಕೆಲವರು. ಬೀಗರು ಅದಕ್ಕಿಂತ ಕಠಿಣ ಮಾತಾಡಿದರು. ಅವನು ಯಾರಿಗೂ ಎದುರಾಡಲಿಲ್ಲವಂತೆ, "ನನ್ನ ಕೈ ತಪ್ಪಿತು" ಎಂದಷ್ಟೇ ಹೇಳಿದನಂತೆ. ಅವನು ಅದನ್ನೇ ನಂಬಿದ. ಅಕ್ಕಾರುಗಳು ಬೇರೆ ಗಾಡಿ ಗೊತ್ತುಮಾಡಿಕೊಂಡರು. ಈಗ ಚಹಾದ ಕಪ್ಪನ್ನೂ ಅವನು ಎರಡು ಕೈಯಲ್ಲಿ ಹಿಡಿಯುತ್ತಾನೆ ಎಂದು ಯಾರೋ ಹೇಳಿದಾಗ ನನಗೆ ಸಂಕಟವಾಯಿತು. ಆ ಕೈ ತಪ್ಪಿರಲಿಲ್ಲ.

ಒಂದು ಸಂಜೆ ಸಣಕಲು ಕಾಲುಗಳು ಗಾಡಿಯೊಳಗೆ ಬಂದವು. ಕಸ್ತೂರಿ. ಮುಂದಿನ ಸೀಟಿನಲ್ಲಿ ಕೂತು ಮೌನೇಶನನ್ನು ಕರೆದಳು.

"ಅಪ್ಪನ ಕೈ ನಾ ನೋಡೀನಿ. ಅವಾ ತಿರುಗಿಸಲಿಲ್ಲ. ಸ್ಟೀರಿಂಗ ತಾನ ತಿರಿಗೇತಿ. ಹೇಳಿದ್ರ ಯಾರೂ ನಂಬವಲ್ರು, ಅಪ್ಪನ್ನ ಉಳಸ್ಕೊಳ್ಳಾಕ ಹೇಳ್ತಾಳ ಅಂತಾರ. ಗಾಡ್ಯಾಗ ಏನರೆ ದೋಷ ಇತ್ತೇನಣ್ಣಾ? ಖರೆ ಹೇಳು."

ಮೌನೇಶ ಕೇಳಿದ, "ಹಳದಿ ಲೈಟ್ ಹತ್ತಿತ್ತೇನವಾ?"

"ಇಲ್ಲ."

"ಹಂಗಾರ ಏನೂ ಇರಲಿಲ್ಲ ಬಿಡು."

ಅವಳ ಕಾಲುಗಳು ಇಳಿದುಹೋದವು. ನನ್ನಂತೆಯೇ ಖರೆ ಕಂಡವಳು, ನನ್ನಂತೆಯೇ ಯಾರೂ ಕೇಳದವಳು. ಅವಳು ಹೋದ ಮೇಲೆ ಮೌನೇಶ ಅಂಗಾತ ಮಲಗಿ ಕೈ ಚಾಚಿದ. ಅವನ ಬೆರಳು ಕಪ್ಪು ಟೇಪನ್ನು ಹುಡುಕಿ ಮುಟ್ಟಿ ನಿಂತಿತು. ಬಿಚ್ಚುತ್ತಾನೆ, ಓಡಿಹೋಗಿ ಅವಳನ್ನು ಕರೆಯುತ್ತಾನೆ ಎಂದು ನಾನು ಆಸೆಪಟ್ಟೆ. ಅವನು ಟೇಪನ್ನು ಇನ್ನಷ್ಟು ಬಿಗಿಯಾಗಿ ಒತ್ತಿ, ತಂತಿಯನ್ನು ಕಣ್ಣಿಗೆ ಬೀಳದಂತೆ ಮೇಲಕ್ಕೆ ಸಿಕ್ಕಿಸಿದ.

ಗಾಡಿ ಗುಜರಿಗೆ ಹೋಯಿತು. ಬಾಗಿಲು, ಸೀಟು, ಗಾಲಿ ಒಂದೊಂದಾಗಿ ಮಾರಿಹೋದವು. ನಾವು ಕಂಬದ ಸಮೇತ ಕಬ್ಬಿಣದ ರಾಶಿಯ ಪಕ್ಕ ಬಿದ್ದುಕೊಂಡೆವು. ಇಲ್ಲೇ ತುಕ್ಕು ಹಿಡಿದು ಮುಗಿದುಹೋದರೆ ಸಾಕು ಎಂದು ನಾನು ದಿನವೂ ಬೇಡಿಕೊಂಡೆ. ವಸ್ತುಗಳು ಹಳತಾಗಿ ಮೂಲೆ ಸೇರುವುದನ್ನು ಕಂಡು ಜನ ಮರುಗುತ್ತಾರೆ. ಕೆಲವು ವಸ್ತುಗಳಿಗೆ ಮೂಲೆಯೇ ಪುಣ್ಯ.

ನನಗೆ ಆ ಪುಣ್ಯವಿರಲಿಲ್ಲ. ಒಂದು ಬೆಳಿಗ್ಗೆ ಗಿರಾಕಿಯೊಬ್ಬ ಬಂದ. ಗುಜರಿಯವನು ಕಂಬವನ್ನು ಎತ್ತಿ ತೋರಿಸಿದ. "ಹಚ್ಚಿ ನೋಡ್ರಿ ಬೇಕಾರ. ಲೈಟ್ ಹತ್ತೂದಿಲ್ಲ, ಛಲೋ ಮಾಲೈತಿ." ಗಿರಾಕಿಯ ಗಾಡಿಗೆ ಜೋಡಿಸಿ ನೋಡಿದರು. ದೀಪ ಹತ್ತಲಿಲ್ಲ. "ವಾಯರ್ ಸಮೇತ ಕೊಡು" ಎಂದ ಗಿರಾಕಿ. ಟೇಪೂ ಜೊತೆಗೇ ಬಂತು.

ಈಗ ನಾನು ಇನ್ನೊಂದು ಗಾಡಿಯ ಕಂಬದ ಬುಡದಲ್ಲಿ ಇದ್ದೇನೆ. ಮೊಣಕಾಲುಗಳು ಬೇರೆ, ಚಪ್ಪಲಿ ಬೇರೆ. ಹಿಂದಿನ ಸೀಟುಗಳಲ್ಲಿ ಮಕ್ಕಳ ಗಲಾಟೆ, ನೀರಿನ ಬಾಟಲಿಗಳ ಸದ್ದು. ಯಾರೋ ತಾಯಿ ಕಿಟಕಿಯ ಬಳಿ ನಿಂತು "ಸಾವಕಾಶ ಹೋಗ್ರಿ" ಎಂದಳು. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತಿಲ್ಲ, ಎಲ್ಲರೂ ನಿಶ್ಚಿಂತರು. ಬಾಗಿಲು ಮುಚ್ಚಿತು. ಡ್ರೈವರ್ ಇನ್ನೂ ಸ್ಟೀರಿಂಗ್ ಮುಟ್ಟಿಲ್ಲ. ನನ್ನ ಪಕ್ಕದಲ್ಲಿ ಅಣ್ಣ ಆಗಲೇ "ಎಡಕ್ಕೆ" ಎನ್ನುತ್ತಿದ್ದಾನೆ.