ಬ್ಯಾಂಡೇಜಿನ ಫೋಟೊ

ಎದುರಿಗೆ ಬಸ್ಸು, ಹಿಂದೆ ಹಾರ್ನು, ನಡುವೆ ನಿಂತುಹೋದ ಕಾರು. ಕ್ಲಚ್ ಬಿಡುವುದನ್ನು ಇನ್ನೂ ಕಲಿಯದ ಶಿಷ್ಯನಿಗೆ ಡ್ರೈವಿಂಗ್ ಮೇಷ್ಟ್ರು ಹಲ್ಲು ಕಚ್ಚಿಕೊಂಡು ಹೇಳಿಕೊಡುತ್ತಿದ್ದಾಗ ಅಕ್ಕನ ಫೋನು ಬಂತು. ಆಸ್ಪತ್ರೆಯ ಮ್ಯಾನೇಜರು ಕರೆಯುತ್ತಿದ್ದಾನಂತೆ. ಒಂದು ಸಹಿ ಹಾಕಿದರೆ ದೊಡ್ಡಮ್ಮನ ಎರಡನೇ ಆಪರೇಷನ್ ಪುಕ್ಕಟೆಯಂತೆ.

ತಾಯಿಯಿಲ್ಲದ ಇವರಿಬ್ಬರನ್ನೂ ಸಾಕಿದವಳು ದೊಡ್ಡಮ್ಮ. ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ವಾರ್ಡಿನಲ್ಲಿ ಗಾಯಕ್ಕೆ ಸೋಂಕು ತಗುಲಿ, ಕೀವು ತುಂಬಿ, ಜ್ವರದಲ್ಲಿ ಬಡಬಡಿಸತೊಡಗಿದಳು. ಈಗ ಒಳಗೆ ಕೂರಿಸಿದ ರಾಡು ತೆಗೆಯಲು ಮತ್ತೆ ಕೊಯ್ಯಬೇಕು.

ಮ್ಯಾನೇಜರು ಮುಂದಿಟ್ಟ ಕಾಗದದಲ್ಲಿ, ಸೋಂಕು ಬಂದದ್ದು ಮನೆಯವರ ಅಜಾಗರೂಕತೆಯಿಂದ, ಎಲ್ಲಿಯೂ ದೂರು ಕೊಡುವುದಿಲ್ಲ ಎಂದಿತ್ತು. ಮನುಷ್ಯ ಕೆಟ್ಟವನೇನಲ್ಲ, ಮೆತ್ತಗೇ ಮಾತಾಡಿದ.

"ನೋಡಿ ಸಾರ್, ಸೋಂಕಿಲ್ಲದ ಆಸ್ಪತ್ರೆ ಯಾವುದಿದೆ? ನಿಮ್ಮಕ್ಕ ದಿನಾ ಬ್ಯಾಂಡೇಜ್ ಎತ್ತಿ ಫೋಟೊ ತೆಗೀತಿದ್ರು. ನಮ್ಮ ನರ್ಸಿಗೆ ಬೈದೂ ಬೈದೂ ಸಾಕಾಗಿದೆ."

ಅದು ಸುಳ್ಳಲ್ಲ. ಅಕ್ಕ ಬೆಳಗಾದರೆ ಗಾಯದ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಸೋದರಮಾವನೊಬ್ಬ ಅದಕ್ಕೂ ಹೆಬ್ಬೆರಳೆತ್ತಿ ಶಹಬ್ಬಾಸ್ ಕೊಟ್ಟಿದ್ದ. ಆವತ್ತೇ ಮೇಷ್ಟ್ರು ತಮ್ಮ ಫೋನಿನಲ್ಲಿ ಗುಂಪನ್ನು ಮ್ಯೂಟ್ ಮಾಡಿ, ಮತ್ತೆ ತೆರೆದು ನೋಡಿರಲಿಲ್ಲ.

ಸಹಿ ಹಾಕದೆ ಎದ್ದು ವಕೀಲೆಯ ಬಳಿ ಹೋದರು. ಆಕೆಯೂ ಹಳೆಯ ಶಿಷ್ಯೆ, ಕಲಿಯುವಾಗ ಯಾರದೋ ಮನೆಯ ಗೇಟಿಗೆ ಗುದ್ದಿದವಳು. ಸುತ್ತಿ ಬಳಸಿ ಮಾತಾಡಲಿಲ್ಲ. ಸೋಂಕು ಬಂತು ಎಂದಾಕ್ಷಣ ಆಸ್ಪತ್ರೆಯದೇ ತಪ್ಪು ಎಂದಾಗುವುದಿಲ್ಲ. ಶುಚಿತ್ವದಲ್ಲಿ ಏನು ಬಿಟ್ಟರು, ಹೇಳಿದರೂ ಯಾಕೆ ನೋಡಲಿಲ್ಲ ಎಂದು ತೋರಿಸಬೇಕು. ಮೊದಲು ಚಿಕಿತ್ಸೆಯ ದಾಖಲೆಗಳ ನಕಲು ಕೇಳಬೇಕು. ಅದನ್ನು ಬೇರೆ ವೈದ್ಯರಿಗೆ ತೋರಿಸಿ ಅಭಿಪ್ರಾಯ ಬರೆಸಿಕೊಳ್ಳಬೇಕು. ಆಮೇಲೆ ಆಸ್ಪತ್ರೆಗೆ ದೂರು, ವೈದ್ಯರ ನಡತೆ ವಿಚಾರಿಸುವ ಮಂಡಳಿಗೆ ದೂರು, ಪರಿಹಾರಕ್ಕೆ ಗ್ರಾಹಕರ ನ್ಯಾಯಾಲಯ. ಎಲ್ಲಕ್ಕೂ ಗಡುವಿದೆ, ಕೈಕಟ್ಟಿ ಕೂರುವ ಹಾಗಿಲ್ಲ.

"ಆ ಸಹಿ ಮಾತ್ರ ಬೇಡ ಮೇಷ್ಟ್ರೇ. ಫೋಟೊಗಳಿವೆ ಅಂದ್ರಲ್ಲ, ಅವು ಬೇಕು. ತೆಗೆದವರೇ ಬಂದು ಹೇಳ್ಬೇಕು."

ಅಕ್ಕ ತನ್ನ ಫೋನಿನಿಂದ ಎಲ್ಲವನ್ನೂ ಅಳಿಸಿ ಕೂತಿದ್ದಳು. ಪ್ರತಿ ಫೋಟೊದಲ್ಲೂ ಬ್ಯಾಂಡೇಜು ಎತ್ತಿದ ಅವಳ ಬೆರಳಿತ್ತು, ಉಗುರಿನ ಬಣ್ಣದ ಸಮೇತ.

"ಸಹಿ ಹಾಕಿ ಮುಗಿಸೋ. ನನ್ನನ್ನೇ ಕಟಕಟೆ ಹತ್ತಿಸ್ತೀಯಾ?"

"ದೊಡ್ಡಮ್ಮನ್ನ ಈ ಗತಿಗೆ ತರೋಕೆ ಆಸ್ಪತ್ರೆ ಯಾಕೆ ಬೇಕಿತ್ತು? ನಿನ್ನ ಫೋನೊಂದೇ ಸಾಕಿತ್ತು."

ಅಕ್ಕ ಬಾಗಿಲು ಹಾಕಿಕೊಂಡಳು. ರೇಗಿಕೊಂಡೇ ಜಗಲಿಯಲ್ಲಿ ಕೂತ ಮೇಷ್ಟ್ರು ಗುಂಪನ್ನು ತೆರೆದು ಹಿಂದಕ್ಕೆ ಸರಿಸುತ್ತ ಹೋದರು. ಫೋಟೊಗಳೆಲ್ಲ ಅಲ್ಲೇ ಇದ್ದವು. ಪ್ರತಿಯೊಂದರ ಕೆಳಗೂ ಅಕ್ಕ ಏನಾದರೂ ಬರೆದಿದ್ದಳು. ಬ್ಯಾಂಡೇಜು ಒದ್ದೆಯಾಗಿದೆ, ಬದಲಾಯಿಸಿಲ್ಲ. ಪಕ್ಕದ ಮಂಚದವರನ್ನು ಮುಟ್ಟಿದ ಕೈಗವಸಿನಲ್ಲೇ ಇವಳನ್ನೂ ಮುಟ್ಟಿದರು. ಕೆಂಪಾಗಿದೆ ಅಂದರೆ ವಯಸ್ಸಾಗಿದೆಯಲ್ಲ ಅಂತಾರೆ. ಕೊನೆಯದು ಇವರಿಗೇ: "ತಮ್ಮಾ, ನನ್ನ ಮಾತು ಯಾರೂ ಕೇಳ್ತಿಲ್ಲ, ನೀನೊಂದು ಸಲ ಬಂದು ಜೋರು ಮಾಡು."

ಅದನ್ನು ಅವರು ಓದಿದ್ದು ಈಗ.

ಬಾಗಿಲು ತಟ್ಟಿ, ಫೋಟೊಗಳು ತಮ್ಮ ಫೋನಿನಲ್ಲಿವೆ, ಅವಳು ಒಪ್ಪದೆ ಯಾರಿಗೂ ಕೊಡುವುದಿಲ್ಲ ಎಂದರು. ನಿನ್ನ ಬೆರಳಿಗಿಂತ ನನ್ನ ತಪ್ಪು ದೊಡ್ಡದು ಎಂದೂ ಹೇಳಿದರು.

ಮಾರನೆಯ ದಿನ ಮ್ಯಾನೇಜರ ಕೋಣೆಗೆ ಅಕ್ಕ ತಮ್ಮನಿಗಿಂತ ಮೊದಲೇ ಬಂದಿದ್ದಳು. ಅವನು ಸರಿಸಿದ ಕಾಗದವನ್ನು ಪೂರ್ತಿ ಓದಿ ವಾಪಸು ಸರಿಸಿದಳು.

"ಬ್ಯಾಂಡೇಜ್ ಎತ್ತಿದ್ದು ನಾನೇ. ತಪ್ಪೇ, ದೂರಿನಲ್ಲಿ ಅದನ್ನೂ ಬರೀತೀನಿ. ನೀವು ಮಾಡಿದ್ದನ್ನೂ ಬರೀತೀನಿ. ಆಪರೇಷನ್ ಬೇರೆ ಕಡೆ ಮಾಡಿಸ್ತೀವಿ, ಅವರಿಗೆ ಇಲ್ಲಿನ ದಾಖಲೆ ಬೇಕಂತೆ. ನಕಲು ಕೊಡಿ."

ಸಂಬಂಧಪಟ್ಟವರು ರಜೆಯಲ್ಲಿದ್ದಾರೆ, ನಾಳೆ ನೋಡೋಣ ಎಂದು ಅವನು ರಾಗ ಎಳೆದ.

"ಅವಳಿಗೆ ಜ್ವರ ಇವತ್ತಿದೆ" ಎಂದಳು ಅಕ್ಕ. ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. ಮೇಷ್ಟ್ರು ಇನ್ನೊಂದು ಕುರ್ಚಿಯನ್ನು ಎಳೆದು ಅವಳ ಪಕ್ಕಕ್ಕೆ ಹಾಕಿಕೊಂಡರು. ಮ್ಯಾನೇಜರು ಇಬ್ಬರನ್ನೂ ಒಮ್ಮೆ ನೋಡಿ, ಫೋನೆತ್ತಿ, ದಾಖಲೆ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದ.