ಮೂರನೇ ಕೂಗಿನ ತನಕ

ನಾನು ಒಂದು ಕುಕ್ಕರ್. ಐದು ಲೀಟರ್ ಹಿಡಿಯುವ ಹೊಟ್ಟೆ, ಕಪ್ಪು ಹಿಡಿ, ಜೋರು ಬಾಯಿ. ಮೆಲ್ಲಗೆ ಮಾತಾಡುವುದು ನನಗೆ ಹುಟ್ಟಿದಾಗಿನಿಂದಲೂ ಬಂದಿಲ್ಲ. ಕಾರ್ಖಾನೆಯಲ್ಲಿ ಬರೀ ತಗಡಾಗಿದ್ದ ನನ್ನನ್ನು ಯಂತ್ರವೊಂದು ಒಂದೇ ಏಟಿಗೆ ಪಾತ್ರೆ ಮಾಡಿತು. ಪರೀಕ್ಷೆಗೆಂದು ಒಲೆಗೇರಿಸಿದಾಗ ನಾನು ಹಾಕಿದ ಮೊದಲ ಕೂಗಿಗೆ ಎದುರಿದ್ದ ಕೆಲಸಗಾರ ಎರಡು ಹೆಜ್ಜೆ ಹಿಂದೆ ಸರಿದ. ಅವತ್ತೇ ನನ್ನ ಮೇಲೆ ನನಗೆ ಹೆಮ್ಮೆ ಹುಟ್ಟಿತು.

ಉಡುಗೊರೆಯಾಗಿ ನಾನು ದಾವಣಗೆರೆಯ ಒಂದು ಮದುವೆಗೆ ಹೋದೆ. ಮದುಮಗಳು ವಿಶಾಲಾಕ್ಷಿ. ಆ ಮದುವೆಗೆ ಮೂರು ಕುಕ್ಕರ್ ಬಂದಿದ್ದವು. ಎರಡು ಹಾಗೇ ಬೇರೆಯವರ ಮದುವೆಗಳಿಗೆ ದಾಟಿಹೋದವು. ನನ್ನ ಪೆಟ್ಟಿಗೆ ಹರಿದಿತ್ತು, ಹಾಗಾಗಿ ನಾನು ಉಳಿದೆ. ಯೋಗ್ಯತೆಯಿಂದಲೇ ಉಳಿದೆ ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ.

ವಿಶಾಲಾಕ್ಷಿ ಕತೆ ಬರೆಯುವವಳೆಂದು ನನಗೆ ಗೊತ್ತಾಗಿದ್ದು ಅವಳಿ ಮಕ್ಕಳಾದ ಮೇಲೆ. ಚಿನ್ಮಯಿ ಒಂದು ಕೈ ಹಿಡಿದರೆ ಓಂಕಾರ ಇನ್ನೊಂದು ಹಿಡಿಯುತ್ತಿದ್ದ. ಬರೆಯಲು ಕೈ ಎಲ್ಲಿಂದ ಬರಬೇಕು? ಅದಕ್ಕೊಂದು ಉಪಾಯ ಹುಡುಕಿದಳು. ನನ್ನನ್ನು ಒಲೆಗಿಟ್ಟು, ಹಳೇ ಕ್ಯಾಲೆಂಡರಿನ ಹಾಳೆಯನ್ನು ಅಡುಗೆಕಟ್ಟೆಯ ಮೇಲೆ ಮಗುಚಿ ಹಾಕಿ, ನಿಂತೇ ಬರೆಯತೊಡಗಿದಳು. ಮನೆಗೆಲ್ಲ ಒಂದೇ ಕಾನೂನು: ಮೂರನೇ ಕೂಗಿನ ತನಕ ಅಮ್ಮನನ್ನು ಯಾರೂ ಕರೆಯುವಂತಿಲ್ಲ. ಮಕ್ಕಳು ಹೊಸ್ತಿಲಲ್ಲಿ ಕೂತು ಬೆರಳು ಮಡಿಚುತ್ತಿದ್ದರು. ಮೂರನೆಯದು ಆಯಿತೋ, ಜಗಳ, ಹೋಂವರ್ಕು, ಮೊಣಕಾಲಿನ ಗಾಯ ಎಲ್ಲ ಒಟ್ಟಿಗೇ ಒಳಗೆ ನುಗ್ಗುತ್ತಿದ್ದವು. ಎಷ್ಟೋ ಸಲ ನಾನು ಉಸಿರು ಬಿಗಿಹಿಡಿದು ಆ ಕೂಗನ್ನು ತಡಮಾಡುತ್ತಿದ್ದೆ. ಒಲೆಯ ಮೇಲಿಂದ ನನಗೆ ಕಾಣುತ್ತಿದ್ದುದು ಅವಳ ಗಲ್ಲ ಮತ್ತು ಓಡುವ ಪೆನ್ನು. ಅದು ನಿಲ್ಲಬಾರದೆಂದು ನನ್ನ ಆಸೆ.

ಒಂದು ಸಂಜೆ ಏಳು ಕೂಗು ಹಾಕಿದರೂ ಅವಳು ತಲೆ ಎತ್ತಲಿಲ್ಲ. ಬೇಳೆ ಗೋಡೆಗೆ ಬಳಿಯುವಷ್ಟು ಅಂಟಾಯಿತು. ಗಂಡ ಮರುಳಸಿದ್ದಪ್ಪ ತಟ್ಟೆ ನೋಡಿ, "ಇವತ್ತು ಕತೆ ಚೆನ್ನಾಗಿ ಬಂದೈತೆ ಅನ್ಸುತ್ತೆ" ಎಂದು ಸುಮ್ಮನೆ ಉಂಡ. ಒಳ್ಳೆಯ ಮನುಷ್ಯ.

ಹೀಗೆ ಹದಿನೈದು ವರ್ಷ ನಡೆಯಿತು. ಮೊದಲು ಸಣ್ಣ ಕತೆಗಳು, ಆಮೇಲೆ ಒಂದು ಕಾದಂಬರಿಯ ಹನ್ನೊಂದು ಅಧ್ಯಾಯ. ಇನ್ನು ಮೂರು ಬಾಕಿ. ವಾರಪತ್ರಿಕೆಯೊಂದರ ಕಾದಂಬರಿ ಸ್ಪರ್ಧೆಗೆ ಸೆಪ್ಟೆಂಬರ್ ಮೂವತ್ತು ಕೊನೆಯ ದಿನ. ಆಗಸ್ಟಿನಲ್ಲಿ ಮಕ್ಕಳಿಬ್ಬರೂ ಒಂದೇ ವಾರ ಕಾಲೇಜಿಗೆ ಹೊರಟರು. ಮನೆ ತುಂಬ ಸಂಭ್ರಮ. ಬಕೆಟ್ಟಿಗೆ ಉಗುರುಬಣ್ಣದಲ್ಲಿ ಹೆಸರು ಬರೆದರು, ಚಟ್ನಿಪುಡಿಯ ಡಬ್ಬಿಗೆ ಜಗಳವಾಡಿದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ವಿಶಾಲಾಕ್ಷಿ. "ಇನ್ಮೇಲೆ ಇಡೀ ದಿನ ನಂದೇ ರೀ" ಎಂದು ಗಂಡನಿಗೆ ಹೇಳಿ, ಮಕ್ಕಳ ಕೋಣೆಯ ಕಿಟಕಿ ಪಕ್ಕ ಮೇಜು ಹಾಕಿಸಿಕೊಂಡಳು.

ಓಂಕಾರ ಹಾಸ್ಟೆಲ್ ಸೇರಿದ. ಚಿನ್ಮಯಿ ಧಾರವಾಡದಲ್ಲಿ ಇಬ್ಬರು ಗೆಳತಿಯರ ಜೊತೆ ಕೋಣೆ ಮಾಡಿ, ಅಡುಗೆ ಮಾಡಿಕೊಳ್ಳುವವಳು. ಹುಮ್ಮಸ್ಸಿನಲ್ಲೇ ವಿಶಾಲಾಕ್ಷಿ, "ಇದನ್ನೂ ತಗಂಡ್ ಹೋಗು, ನಮ್ಮಿಬ್ರಿಗೆ ಇಷ್ಟ್ ದೊಡ್ಡದ್ಯಾಕೆ" ಎಂದು ನನ್ನನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕಿಳಿಸಿದಳು. ನನ್ನ ಜಾಗಕ್ಕೆ ಕರೆಂಟಿನ ಅನ್ನದ ಪಾತ್ರೆ ಬಂತು. ಬೆಳ್ಳಗೆ, ನುಣ್ಣಗೆ, ಬಾಯೇ ಇಲ್ಲ. ಅನ್ನವಾದರೆ ಒಂದು ದೀಪ ಹತ್ತಿಸಿ ಸುಮ್ಮನಾಗುತ್ತದೆ. ಅದನ್ನು ಕಂಡು ನನ್ನ ಮೈ ಉರಿಯಿತು, ಮುಚ್ಚಿಡುವುದೇಕೆ.

ಧಾರವಾಡದಲ್ಲಿ ಹುಡುಗಿಯರು ಮೊದಲ ವಾರವೇ ನನ್ನ ತಳ ಸೀಯಿಸಿದರು. ಆದರೂ ಅವರ ನಗು ಕೇಳುತ್ತ ನಾನೂ ಹರೆಯಕ್ಕೆ ಮರಳಿದೆ. ಸೆಪ್ಟೆಂಬರ್ ಮೊದಲ ವಾರ ಚಿನ್ಮಯಿ ಮನೆಗೆ ಫೋನ್ ಮಾಡಿದಳು. ಅಪ್ಪನ ದನಿ ನನಗೂ ಕೇಳಿಸಿತು. "ನಿಮ್ಮಮ್ಮ ಒಂದು ಸಾಲೂ ಬರೆದಿಲ್ಲವ್ವ. ದಿನಾ ಮೇಜಿನ ಮುಂದೆ ಕೂತು ಪೆನ್ನಿನ ಟೋಪಿ ತೆಗೆಯೋದು, ಹಾಕೋದು."

ಅಮ್ಮ ಫೋನ್ ಕಸಿದುಕೊಂಡಳು. "ಮನೆ ಬಿಕೋ ಅಂತೈತೆ ಕಣೆ. ಯಾರೂ ಕರೆಯಲ್ಲ, ಯಾವಾಗ ಶುರು ಮಾಡ್ಬೇಕು, ಯಾವಾಗ ನಿಲ್ಲಿಸ್ಬೇಕು ಗೊತ್ತಾಗಲ್ಲ. ಬಿಡು, ಮುಂದಿನ ವರ್ಷ ಕಳಿಸಿದ್ರಾಯ್ತು."

ಅದೇ ಹೊತ್ತಿಗೆ ನಾನು ಕೂಗಿದೆ.

"ಎಷ್ಟನೇದು?" ಎಂದಳು ವಿಶಾಲಾಕ್ಷಿ.

"ಒಂದನೇದು."

"ಫೋನ್ ಇಡಬೇಡ, ಹಂಗೇ ಇರ್ಲಿ."

ಆಮೇಲೆ ಫೋನಿನಲ್ಲಿ ಹಾಳೆ ಮಗುಚಿದ ಸದ್ದು ಬಂತು. ಚಿನ್ಮಯಿ ತುಟಿಗೆ ಬೆರಳಿಟ್ಟು ಗೆಳತಿಯರಿಗೆ, "ಮೂರನೇ ಕೂಗಿನ ತನಕ ಯಾರೂ ಅಮ್ಮನ್ನ ಮಾತಾಡಿಸಂಗಿಲ್ಲ" ಎಂದಳು. ಕೂಡಲೇ ಕೈಚಾಚಿ ಒಲೆಯ ಉರಿ ಸಣ್ಣದು ಮಾಡಿದಳು. ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ಮೂರನೇ ಕೂಗು ತಡವಾಗುತ್ತಿದ್ದುದು ನನ್ನ ಉಸಿರಿನಿಂದಲ್ಲ. ಬೆರಳು ಮಡಿಚುತ್ತ ಕೂತವಳೇ ಎದ್ದುಬಂದು, ಅಮ್ಮನ ಬೆನ್ನ ಹಿಂದೆ ನಿಂತು ಒಲೆಯ ಕಿವಿ ಹಿಂಡುತ್ತಿದ್ದಳು. ನನ್ನ ಜಂಬ ಇಳಿಯಿತು, ಖುಷಿ ಮಾತ್ರ ಏರಿತು.

ಅಂದಿನಿಂದ ದಿನಾ ಸಂಜೆ ಏಳಕ್ಕೆ ಫೋನು ನನ್ನ ಪಕ್ಕ. ದಾವಣಗೆರೆಯಲ್ಲಿ ವಿಶಾಲಾಕ್ಷಿ ಮೇಜು ಬಿಟ್ಟು ಅಡುಗೆಕಟ್ಟೆಗೆ ಮರಳಿದ್ದಳು. ಇಪ್ಪತ್ತೆಂಟನೇ ತಾರೀಖು ಪಕ್ಕದ ಮನೆಯವರು ಊಟ ಕೊಟ್ಟಿದ್ದರು, ಅನ್ನ ಬೇಕಿರಲಿಲ್ಲ. ಚಿನ್ಮಯಿ ನನ್ನೊಳಗೆ ಬರೀ ನೀರು ತುಂಬಿ ಒಲೆಗಿಟ್ಟಳು. ಮೂರು ಕೂಗಿದೆ, ನಾಲ್ಕು, ಐದು. ಆಚೆ ಪೆನ್ನು ನಿಲ್ಲಲಿಲ್ಲ, ಈಚೆ ಯಾರೂ ಉಸಿರೆತ್ತಲಿಲ್ಲ. ಏಳನೆಯದು ಮುಗಿದಾಗ ವಿಶಾಲಾಕ್ಷಿ, "ಆಯ್ತು ಕಣೆ" ಎಂದಳು. ಮೂವರು ಹುಡುಗಿಯರು ಕೋಣೆಯಲ್ಲಿ ಕುಣಿದರು. ಕಾದಂಬರಿಗೆ ಬಹುಮಾನ ಬರಲಿಲ್ಲ, ಆದರೆ ಪತ್ರಿಕೆ ಅದನ್ನು ಧಾರಾವಾಹಿಯಾಗಿ ಅಚ್ಚುಹಾಕಿತು.

ಈಗ ನನ್ನ ಹಿಡಿ ಸಡಿಲ, ಮುಚ್ಚಳ ಕೂರುವುದಿಲ್ಲ. ಓದು ಮುಗಿಸಿದ ಚಿನ್ಮಯಿ ನನ್ನನ್ನು ಅದೇ ಟವೆಲಿನಲ್ಲಿ ಸುತ್ತಿ ವಾಪಸು ತಂದಳು. ನಾನೀಗ ಅಡುಗೆಕಟ್ಟೆಯ ಮೂಲೆಯಲ್ಲಿ ಪೆನ್ನು, ಹಾಳೆ ಹೊತ್ತು ಕೂತಿದ್ದೇನೆ. ನನ್ನ ಕೂಗು ವಿಶಾಲಾಕ್ಷಿಯ ಫೋನಿನಲ್ಲಿದೆ. ಕೆಡುವ ಮೊದಲೇ ಚಿನ್ಮಯಿ ಹಿಡಿದಿಟ್ಟಿದ್ದಳು. ಸಂಜೆ ಏಳಕ್ಕೆ ವಿಶಾಲಾಕ್ಷಿ ಅದನ್ನು ಹಚ್ಚಿ ಬರೆಯುತ್ತಾಳೆ. ಮೂರನೇ ಕೂಗಾದಾಗ ರೂಢಿಯಂತೆ ತಲೆ ಎತ್ತಿ ಹೊಸ್ತಿಲ ಕಡೆ ನೋಡುತ್ತಾಳೆ. ಯಾರೂ ನುಗ್ಗಿ ಬರುವುದಿಲ್ಲ. ಒಂದು ಗಳಿಗೆ ಹಾಗೇ ನೋಡುತ್ತಾಳೆ. ಆಮೇಲೆ ನನ್ನ ಹೊಟ್ಟೆ ತಟ್ಟಿ, "ಇನ್ನೊಂದ್ ಸಲ ಕೂಗಪ್ಪ" ಎಂದು ಮೊದಲಿಂದ ಹಚ್ಚುತ್ತಾಳೆ.