ಇಳಿಯದಿದ್ದರೆ ಲೆಕ್ಕಕ್ಕಿಲ್ಲ

೧

ಎಲ್ಲಿಂದ ಶುರು ಮಾಡಲಿ? ಫಾರಂಗೆ ಈ ಸಂಕಟವಿಲ್ಲ. ಅದರ ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ: ‘ನಿನ್ನೆ ಬೆಳಗಿನ ಜಾವ ನಾಲ್ಕು ಗಂಟೆಗೆ ನೀವು ಎಲ್ಲಿದ್ದಿರಿ?’

(ಕಳ್ಳತನದ ತನಿಖೆಯಲ್ಲ. ಜನ ದಿನವಿಡೀ ಎಲ್ಲಿಂದ ಎಲ್ಲಿಗೆ, ಯಾತಕ್ಕೆ, ಯಾವುದರಲ್ಲಿ ಹೋಗುತ್ತಾರೆಂದು ತಿಳಿದು ಬಸ್ಸು, ರಸ್ತೆಗಳನ್ನು ಯೋಜಿಸುವವರ ಸರ್ವೆ.)

ಸರ್ವೆ ಹುಡುಗಿ ಕೇಳಿದ್ದು ಸೊಸೆಯನ್ನು. ಬಾಯಿ ಹಾಕಿದ್ದು ಅತ್ತೆ. “ಮನೇಲಿ. ಇನ್ನೆಲ್ಲಿರ್ತಾಳೆ? ನಾಲ್ಕು ತಿಂಗಳಿಂದ ಹೊಸ್ತಿಲು ದಾಟಿಲ್ಲ. ಇವಳದ್ದು ಸೊನ್ನೆ ಹಾಕ್ಕೊಳಮ್ಮ.”

೨

(ಈ ಕಥೆಯ ಹಿಂದಿನ ಕರಡಿನಲ್ಲಿ ಇಲ್ಲಿ ಸೊಸೆಯ ಗಂಡ ಸಾಯುವ ಒಂದು ಇಡೀ ಪುಟವಿತ್ತು. ಆಸ್ಪತ್ರೆ, ಕಾರಿಡಾರು, ಎಲ್ಲ. ಸೊಸೆ ಓದಿ, “ಅದೆಲ್ಲ ಇಲ್ಯಾಕೆ? ಈ ಹುಡುಗಿ ಬಸ್ಸಿನ ವಿಷ್ಯ ಕೇಳೋಕೆ ಬಂದಿರೋದು,” ಎಂದಳು. ಹರಿದು ಹಾಕಿದೆ. ಗಂಡ ಸತ್ತು ನಾಲ್ಕು ತಿಂಗಳು. ಅಷ್ಟು ಸಾಕು.)

೩

“ಹೋಗಿದ್ದೆ,” ಎಂದಳು ಸೊಸೆ.

ಅತ್ತೆಯ ಕೈಯಲ್ಲಿದ್ದ ಚಹಾದ ಲೋಟ ನಡುದಾರಿಯಲ್ಲೇ ನಿಂತಿತು. “ಯಾವಾಗ?”

“ನಿನ್ನೆ ಮಧ್ಯಾಹ್ನ, ನೀವು ಮಲಗಿದ್ದಾಗ. ಬಸ್ ಹತ್ತಿ ಕೊನೇ ಸ್ಟಾಪಿನವರೆಗೂ ಹೋದೆ.”

ಸರ್ವೆ ಹುಡುಗಿಯ ಪೆನ್ನಿಗೆ ಜೀವ ಬಂತು. “ಅಲ್ಲಿಳಿದು ಏನ್ಮಾಡಿದ್ರಿ ಅಕ್ಕಾ? ಕೆಲಸ, ಖರೀದಿ, ನೆಂಟರ ಮನೆ…”

“ಇಳೀಲಿಲ್ಲ. ಅದೇ ಬಸ್ಸಲ್ಲಿ ವಾಪಸ್ ಬಂದೆ.”

“ಸುಮ್ನೆ ಕೂರೋಕೆ ಮನೇಲಿ ಕುರ್ಚಿ ಇರ್ಲಿಲ್ವೇನೇ?” ಎಂದರು ಅತ್ತೆ. ಮಾತು ಕುಟುಕಿನದು; ದನಿ ಮಾತ್ರ ಸಣ್ಣದಾಗಿತ್ತು.

೪

ಸರ್ವೆ ಹುಡುಗಿ ಸೂಪರ್‌ವೈಸರ್‌ಗೆ ಫೋನ್ ಹಚ್ಚಿದಳು. ಆತನ ದನಿ ಇಡೀ ಕೋಣೆಗೆ ಕೇಳಿಸಿತು: “ಇಳಿದ್ರೆ ಟ್ರಿಪ್ಪು, ಇಳೀದಿದ್ರೆ ಅಲ್ಲ. ಕೈಪಿಡಿ ಪುಟ ಹನ್ನೊಂದು. ‘ಎಲ್ಲೂ ಹೋಗಿಲ್ಲ’ ಅಂತ ಟಿಕ್ ಹಾಕಿ ಮುಂದಿನ ಮನೆಗೆ ನಡೀರಿ.”

ಇಷ್ಟು ದಿನ ಸೊಸೆ ಯಾವುದಕ್ಕೂ ಹಟ ಹಿಡಿದವಳಲ್ಲ. ಬಡಿಸಿದರೆ ಉಂಡಳು, ಮಲಗು ಎಂದರೆ ಮಲಗಿದಳು. ಈಗ ಫಾರಂ ಮೇಲೆ ಅಂಗೈ ಊರಿ ಕೂತಳು.

“ಹಾಗೆ ಬರೀಬೇಡಿ. ನಾನು ಹೋಗಿದ್ದೆ.”

೫

ಮುಕ್ತಾಯ ಒಂದು: ಅವಳ ಕೈ ಸರಿಸಿ ಸರ್ವೆ ಹುಡುಗಿ ಟಿಕ್ ಹಾಕುತ್ತಾಳೆ. (ಸಾಮಾನ್ಯವಾಗಿ ಆಗುವುದು ಇದೇ. ಬರೆಯಲು ಕೈ ಬರಲಿಲ್ಲ.)

ಮುಕ್ತಾಯ ಎರಡು: ಕನಿಕರಪಟ್ಟು, ‘ಇಳಿದರು, ಉದ್ದೇಶ: ಖರೀದಿ’ ಎಂದು ಸುಳ್ಳು ಬರೆಯುತ್ತಾಳೆ.

“ನಾನು ಏನು ಕೊಂಡೆ?” ಸೊಸೆ ನನ್ನನ್ನೇ ಕೇಳಿದಳು.

“ಛತ್ರಿ,” ಎಂದೆ, ಬಾಯಿಗೆ ಬಂದದ್ದು.

“ಒಂದು ಸುಳ್ಳು ಹೇಳೋಕೂ ಬರಲ್ಲ. ಕಥೆ ಬರೀತೀರಂತೆ, ಕಥೆ!”

ಮುಕ್ತಾಯ ಮೂರು: ಸರ್ವೆ ಹುಡುಗಿ ಫೋನ್ ಇಟ್ಟು ಪಿಸುಗುಟ್ಟುತ್ತಾಳೆ, “ನಾಳೆ ಹೋಗಿ ಇಳೀರಿ ಅಕ್ಕಾ. ಒಂದ್ ನಿಮಿಷ ಸಾಕು. ನಾಳೇದನ್ನೇ ಬರ್ಕೊಳ್ತೀನಿ.” (ಕೇಳಬೇಕಾದವಳೇ ಹೇಳಿಕೊಟ್ಟರೆ ಸರ್ವೆ ಕೆಟ್ಟಿತೆಂದೇ ಅರ್ಥ. ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿದೆ.)

ಅತ್ತೆ ಲೋಟ ಕೆಳಗಿಟ್ಟರು. “ನಾಳೆ ನನ್ನನ್ನ ಎಬ್ಬಿಸಿ ಹೇಳ್ಬಿಟ್ಟು ಹೋಗು. ಚಿಲಕ ನಾನು ಹಾಕ್ಕೋತೀನಿ.”

ಮೂರನೆಯದನ್ನು ಇಟ್ಟುಕೊಂಡೆ. ಆದರೆ ಅದು ಮುಕ್ತಾಯವಲ್ಲ. ನಾಳೆ ಇದೆಯಲ್ಲ.

೬

ನಾಳೆ. ಕೊನೆಯ ಸ್ಟಾಪು. ಮಿಕ್ಕವರೆಲ್ಲ ಇಳಿದಾಯಿತು.

“ಇಳೀತೀರಾ, ಹಂಗೇ ವಾಪಸ್ಸಾ?” ಕಂಡಕ್ಟರ್ ಕೇಳುತ್ತಾನೆ.

ಸೊಸೆ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ. ನಾನು ಅವಳ ಹಿಂದಿನ ಸೀಟಿನಲ್ಲಿ. ‘ಎದ್ದಳು’ ಎಂದು ಬರೆದರೆ ಏಳುತ್ತಾಳೆ. ಪೆನ್ನು ನನ್ನ ಕೈಯಲ್ಲೇ ಇದೆ. ಬರೆದೆ. ಹೊಡೆದು ಹಾಕಿದೆ.

“ನೀವು ನೋಡ್ತಾ ಕೂತ್ರೆ ನನಗೆ ಏಳೋಕಾಗಲ್ಲ,” ಎಂದಳು, ತಿರುಗದೆ. “ಮೊದ್ಲು ನೀವು ಇಳೀರಿ.”

ಇಳಿದೆ.

ಧೂಳು. ಒಂದು ಸೈಕಲ್ ರಿಪೇರಿ ಅಂಗಡಿ. ಉದ್ದನೆಯ ಗೋಡೆ, ಅದರ ಬುಡದಲ್ಲಿ ಗೇಣಗಲ ನೆರಳು. ಬೆನ್ನ ಹಿಂದೆ ಬಸ್ಸು ಸ್ಟಾರ್ಟ್ ಆಯಿತು. ಬಾಗಿಲು ಸದ್ದು ಮಾಡಿತು, ತೆರೆಯಿತೋ ಮುಚ್ಚಿತೋ.

ನಾನಿನ್ನೂ ತಿರುಗಿ ನೋಡಿಲ್ಲ.